ಮಳೆ ಹೋಗಿದ್ದು ಗೊತ್ತಿತ್ತು, ಜೋಳ ಯಾಕೆ ತಡ ಆಯ್ತು?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದ ಬಂದು ಮೂರು ವಾರ ಆಯ್ತು, ಎರಡು ಸಾಲಲ್ಲಿ ಮುಗಿಸೋ ಉತ್ತರ ಅಲ್ಲ ಅಂತ ಇಟ್ಕೊಂಡಿದ್ದೆ. ಸೊಮಾಲಿಯಾದ 2011ರ ಕ್ಷಾಮದ ಬಗ್ಗೆ ಹೋದ ಸಂಚಿಕೇಲಿ ಬಂದ ಲೇಖನ ಓದಿ ನೀವು ಕೇಳಿದೀರಿ: "ಹನ್ನೊಂದು ತಿಂಗಳು ಮೊದ್ಲೇ ಎಚ್ಚರಿಕೆ ಕೊಟ್ಟಿದ್ರು ಅಂತ ನೀವೇ ಬರೀತೀರಿ, ಅಲ್ಲೀವರೆಗೂ ಈ ನೆರವು ಸಂಸ್ಥೆಗಳು ಏನ್ ಮಾಡ್ತಿದ್ವು? ದುಡ್ಡೆಲ್ಲ ಸಂಬಳಕ್ಕೆ, ಕಾರಿಗೇ ಹೋಗತ್ತಾ?"

ಮೊದ್ಲು ಎಚ್ಚರಿಕೆ ವಿಷಯ. ಫ್ಯೂಸ್‌ನೆಟ್ ಅಂತ ಅಮೆರಿಕದ ದುಡ್ಡಲ್ಲಿ ನಡೆಯೋ ಒಂದು ವ್ಯವಸ್ಥೆ ಇದೆ, ಇಥಿಯೋಪಿಯಾದ 1984ರ ಕ್ಷಾಮದಲ್ಲಿ ಪಾಠ ಕಲಿತು ಶುರು ಮಾಡಿದ್ದು. ಇವರು ಮಳೆ ಲೆಕ್ಕ ಒಂದೇ ನೋಡಲ್ಲ, ಸಂತೆಗೂ ಹೋಗ್ತಾರೆ. ಒಂದು ಮೇಕೆ ಮಾರಿದ್ರೆ ಎಷ್ಟು ಕೆಜಿ ಜೋಳ ಬರತ್ತೆ ಅನ್ನೋದನ್ನ ತಿಂಗಳು ತಿಂಗಳು ಬರ್ಕೊಳ್ತಾರೆ. ದಕ್ಷಿಣ ಸೊಮಾಲಿಯಾ ನಮ್ಮ ಕಡೆ ಥರಾನೇ ಜೋಳದ ಸೀಮೆ, ಮೇಕೆ ಬಡಕಲಾಗಿ ಅದರ ರೇಟು ಬಿದ್ದು ಜೋಳದ ರೇಟು ಏರಿದ್ರೆ ಆ ಮನೇಲಿ ಒಲೆ ಉರೀತಿದೆಯೋ ಇಲ್ವೋ ಅಂತ ಯಾರಿಗಾದ್ರೂ ಗೊತ್ತಾಗತ್ತೆ. 2010ರ ಕೊನೆಯ 'ದೇಯ್ರ್' ಮಳೆ ಕೈಕೊಡ್ತು, 2011ರ 'ಗು' ಮಳೆಯೂ ಕೈಕೊಡ್ತು, ವರದಿ ಮೇಲೆ ವರದಿ ಬಂತು. ಗೊತ್ತಿರಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ಆದ್ರೆ ಕ್ಷಾಮ ಅನ್ನೋ ಪದ ಬಳಸೋಕೆ ಮೂರು ಅಳತೆ ದಾಟಬೇಕು. ನೂರರಲ್ಲಿ 20 ಮನೇಲಿ ಊಟಾನೇ ಇಲ್ಲದ ಸ್ಥಿತಿ, ನೂರು ಮಕ್ಕಳಲ್ಲಿ 30 ಮಕ್ಕಳಿಗೆ ತೀವ್ರ ಅಪೌಷ್ಟಿಕತೆ, ದಿನಕ್ಕೆ ಹತ್ತು ಸಾವಿರ ಜನರಲ್ಲಿ ಇಬ್ಬರ ಸಾವು. ಮಕ್ಕಳನ್ನ ಅಳೆಯೋದು ಒಂದು ಬಣ್ಣದ ಪಟ್ಟಿಯಿಂದ, ನಮ್ಮ ಅಂಗನವಾಡಿಗಳಲ್ಲೂ ನೀವು ನೋಡಿರಬಹುದು, ರಟ್ಟೆಗೆ ಸುತ್ತಿದಾಗ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದ್ರೆ ಕೆಂಪು. ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಸುತ್ತು ಮಾಡಿ ನೋಡಿ, ಅದಕ್ಕಿಂತ ಸಪೂರ ಆ ತೋಳು. ಆ ಮಗುಗೆ ಕೊಡೋದು 92 ಗ್ರಾಮಿನ ಒಂದು ಪೊಟ್ಟಣ, ಅರೆದ ಕಡ್ಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಕಲಸಿದ್ದು, ಮೂಲೆ ಹರಿದು ಬಾಯಿಗೆ ಹಿಂಡಿದ್ರೆ ಸಾಕು, ಬೇಯಿಸೋದೂ ಬೇಡ ನೀರು ಕಲಸೋದೂ ಬೇಡ. 150 ಪೊಟ್ಟಣದ ಒಂದು ಪೆಟ್ಟಿಗೇಲಿ ಹೆಚ್ಚುಕಡಿಮೆ ಒಂದು ಮಗು ಚೇತರಿಸಿಕೊಳ್ಳತ್ತೆ.

ನನಗೆ ನಿದ್ದೆ ಕೆಡಿಸೋದು ಆ ಮೂರನೇ ಅಳತೆ. ಸಾವು ಎಣಿಸಿದ ಮೇಲೇನೇ ಕ್ಷಾಮ ಅಂತ ಹೇಳೋಕಾಗೋದು. ವಿಶ್ವಸಂಸ್ಥೆ ಘೋಷಣೆ ಮಾಡಿದ್ದು 2011ರ ಜುಲೈ 20ಕ್ಕೆ. ಆಮೇಲಿನ ಅಧ್ಯಯನದ ಪ್ರಕಾರ ಒಟ್ಟು ಸತ್ತವರು ಸುಮಾರು 2,58,000, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಐದು ವರ್ಷದೊಳಗಿನ ಮಕ್ಕಳು, ಮತ್ತೆ ಹೆಚ್ಚುಕಡಿಮೆ ಅರ್ಧ ಜನ ಘೋಷಣೆಗೆ ಮೊದ್ಲೇ ಹೋಗಿಬಿಟ್ಟಿದ್ರು.

ಕಾಯೋದು ಯಾಕೆ ಅಂದ್ರೆ ವಿಶ್ವಸಂಸ್ಥೆಯದೇ ಆದ ವಿಶ್ವ ಆಹಾರ ಕಾರ್ಯಕ್ರಮದಂಥ ಸಂಸ್ಥೆ ಹತ್ರ ಖಾಯಂ ಆದಾಯ ಅಂತಿಲ್ಲ, ಪೂರ್ತಿ ನಡೆಯೋದು ದೇಶಗಳು ಇಷ್ಟಪಟ್ಟು ಕೊಟ್ಟ ದುಡ್ಡಲ್ಲಿ. ಇಷ್ಟು ಬೇಕು ಅಂತ ಅರ್ಜಿ ಹಾಕಬೇಕು, ಅವರು ಕೊಡ್ತೀವಿ ಅಂತ ಹೇಳಬೇಕು, ಆಮೇಲೆ ಅದು ಬರಬೇಕು, ಬಂದಾಗಲೂ 'ಇದು ಈ ದೇಶಕ್ಕೆ, ಇದು ಈ ಕೆಲಸಕ್ಕೆ ಮಾತ್ರ' ಅಂತ ಚೀಟಿ ಅಂಟಿಸಿಕೊಂಡೇ ಬರತ್ತೆ. ಅಮೆರಿಕ ಧಾನ್ಯಾನೇ ಕೊಟ್ರೆ ಅದರಲ್ಲಿ ಅರ್ಧ ಆದ್ರೂ ಅಮೆರಿಕದ ಬಾವುಟದ ಹಡಗಲ್ಲೇ ಹೋಗಬೇಕು ಅಂತ ಅವರ ಕಾನೂನು. ಜೊತೆಗೆ ದಕ್ಷಿಣ ಸೊಮಾಲಿಯಾ ಆಗ ಅಲ್-ಶಬಾಬ್ ಅನ್ನೋ ಉಗ್ರರ ಗುಂಪಿನ ಕೈಲಿತ್ತು, ಬೆದರಿಕೆ, ವಸೂಲಿ ತಡೀಲಾಗದೆ ಆಹಾರ ಕಾರ್ಯಕ್ರಮ 2010ರ ಜನವರಿಯಲ್ಲೇ ಅಲ್ಲಿಂದ ಹೊರಟಿತ್ತು. ಇನ್ನೊಂದು ಕಡೆ ಒಂದು ಮೂಟೆ ಆದ್ರೂ ಉಗ್ರರ ಕೈ ಸೇರಿದ್ರೆ ಅಮೆರಿಕದ ಕಾನೂನಲ್ಲಿ ಕೇಸ್ ಬೀಳತ್ತೆ ಅನ್ನೋ ಭಯ.

ಸಂಬಳ, ಕಾರು ಅಂದ್ರಲ್ಲ, ಖರ್ಚು ಇದೆ, ಜಾಸ್ತಿನೂ ಇದೆ, ಸಿಟ್ಟು ಬರೋದು ಸಹಜ. ಅಲ್ಲಿನ ಸ್ಥಳೀಯ ಸಂಸ್ಥೆಗಳಿಗೆ ನೆರವಿನ 25 ಶೇಕಡಾ ಕೊಡ್ತೀವಿ ಅಂತ 2016ರಲ್ಲಿ ಇಸ್ತಾನ್‌ಬುಲ್‌ನಲ್ಲಿ ದೊಡ್ಡವರೆಲ್ಲ ಒಪ್ಕೊಂಡ್ರು, ಅದರ ಹತ್ರಕ್ಕೂ ಬಂದಿಲ್ಲ, ಇದನ್ನ ನಾನು ಸಮರ್ಥಿಸಲ್ಲ. ಆದ್ರೆ 2011ರ ಆ ಸಾವುಗಳಿಗೆ ಕಾರು ಕಾರಣ ಅಲ್ಲ ಮೇಷ್ಟ್ರೇ, ದುಡ್ಡು ತಡವಾಗಿ ಬಂದಿದ್ದು ಕಾರಣ. 2017ರಲ್ಲಿ ಅದೇ ಸೊಮಾಲಿಯಾದಲ್ಲಿ ಮತ್ತೆ ಬರ, ಆ ಸಲ ದೇಶಗಳು ವರ್ಷದ ಶುರುವಿನಲ್ಲೇ ಕೊಟ್ವು, ಎಷ್ಟೋ ಮನೆಗಳಿಗೆ ದುಡ್ಡು ನೇರ ಮೊಬೈಲಿಗೇ ಬಂತು, ಜನ ತಮ್ಮ ಸಂತೇಲೇ ಜೋಳ ಕೊಂಡ್ರು, ಕ್ಷಾಮ ಆಗಲಿಲ್ಲ. 2022ರಲ್ಲಿ ಕ್ಷಾಮ ಅಂತ ಘೋಷಣೆನೇ ಆಗಲಿಲ್ಲ, ಆದ್ರೂ ಆ ವರ್ಷ ಬರದಿಂದ ಸುಮಾರು 43,000 ಜನ ಹೋದ್ರು ಅಂತ ಅಂದಾಜು. ಪದಕ್ಕೆ ಕಾಯ್ತಾ ಕೂತ್ರೆ ಹೀಗಾಗತ್ತೆ. 1943ರ ಬಂಗಾಳದಲ್ಲೂ ಬ್ರಿಟಿಷರದ್ದೇ ಕ್ಷಾಮ ಸಂಹಿತೆ ಇತ್ತು, ಘೋಷಣೆ ಮಾತ್ರ ಕೊನೇವರೆಗೂ ಮಾಡಲಿಲ್ಲ, ಮಾಡಿದ್ರೆ ಅನ್ನ ಕೊಡೋ ಜವಾಬ್ದಾರಿ ತಲೆ ಮೇಲೆ ಬರ್ತಿತ್ತು.

ನಿಮ್ಮೂರಲ್ಲಿ ಕೂತು ನಿಮಗಿದು ಹೊಸದೇನಲ್ಲ. 2023ರಲ್ಲಿ ನಮ್ಮ 236 ತಾಲೂಕಲ್ಲಿ 223 ಬರಪೀಡಿತ ಅಂತ ಆಯ್ತು, ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ, ಕೇಂದ್ರದ ಪರಿಹಾರ ಬಿಡುಗಡೆ ಆಗೋ ಹೊತ್ತಿಗೆ 2024ರ ಏಪ್ರಿಲ್ ಕೊನೆ. ಅಷ್ಟರಲ್ಲಿ ಎಷ್ಟು ಜನ ದನ ಮಾರ್ಕೊಂಡಿದ್ರು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು, ಆ ಫ್ಯೂಸ್‌ನೆಟ್ಟೇ 2025ರ ಜನವರಿಯಲ್ಲಿ ಅಮೆರಿಕ ನೆರವು ತಡೆದಾಗ ಬಂದ್ ಆಗಿ ತಿಂಗಳುಗಟ್ಟಲೆ ಕತ್ತಲಲ್ಲಿತ್ತು. ಸಂತೆಯ ರೇಟು ಬರೆಯೋರೇ ಇಲ್ಲ ಅಂದ್ರೆ ಮುಂದಿನ ಬರ ಯಾರ ಲೆಕ್ಕಕ್ಕೂ ಸಿಗಲ್ಲ, ನನಗೆ ಇದೇ ದೊಡ್ಡ ಚಿಂತೆ.

ಕಾಗದದ ಕೊನೇಲಿ ನೀವು ಬರೆದಿದ್ರಿ, ಪತ್ರಿಕೆಯವರೂ ಹೆಣ ಬಿದ್ದ ಮೇಲೇ ಬರೀತೀರಿ ಅಂತ. ಹೌದು, ಒಪ್ಕೊಳ್ತೀನಿ. ನಾವೂ ಘೋಷಣೆ ಆದ ಜಾಗಗಳ ಬಗ್ಗೆ ಮಾತ್ರ ಪುಟ ಕೊಟ್ಟಿದೀವಿ. ಮುಂದಿನ ಸಂಚಿಕೆಯಿಂದ ಅರ್ಧ ಪುಟ ಎತ್ತಿಡ್ತಿದೀನಿ, ಎಲ್ಲಿ ಮಳೆ ಹೋಯ್ತು, ಎಲ್ಲಿ ಮೇಕೆ ರೇಟು ಬಿತ್ತು ಅನ್ನೋದಷ್ಟೇ ಅದರಲ್ಲಿರತ್ತೆ. ತಪ್ಪಿದ್ರೆ ಮತ್ತೆ ಕಾಗದ ಹಾಕಿ.