ಒಂದು ಹೆಸರಿಗೆ ಮೂರು ಅರ್ಥ: ಯಾವುದನ್ನು ನಂಬೋದು?

ಪ್ರಿಯ ಓದುಗರೇ,

ಮೊಮ್ಮಗಳಿಗೆ ಕಿಯಾರಾ ಎಂದು ಹೆಸರಿಡಲು ಮಗ, ಸೊಸೆ ಇಬ್ಬರೂ ಒಪ್ಪಿದ್ದಾರೆ ಎಂದು ಬರೆದಿದ್ದೀರಿ. ನೀವು ಅರ್ಥ ಹುಡುಕಲು ಹೋದಿರಿ. ಒಂದು ಆ್ಯಪ್ 'ಬೆಳಕು' ಎಂದಿತು, ಇನ್ನೊಂದು 'ಕಪ್ಪು' ಎಂದಿತು, ಮೂರನೆಯದು 'ಸಂಸ್ಕೃತ ಮೂಲ, ದೈವಿಕ' ಎಂದಿತು. ಯಾವುದು ನಿಜ ಎಂಬುದು ನಿಮ್ಮ ಪ್ರಶ್ನೆ.

ಮೊದಲ ಎರಡೂ ನಿಜ. ಮೂರನೆಯದನ್ನು ಬಿಟ್ಟುಬಿಡಿ.

ಇಟಲಿಯಲ್ಲಿ ಕಿಯಾರಾ ಹಳೆಯ ಹೆಸರು. ತಿಳಿಯಾದ, ಹೊಳೆಯುವ ಎಂಬ ಅರ್ಥದ ಲ್ಯಾಟಿನ್ ಪದ 'ಕ್ಲಾರಾ'ದಿಂದ ಬಂದದ್ದು. 1253ರಲ್ಲಿ ತೀರಿಕೊಂಡ ಅಸಿಸಿಯ ಸಂತ ಕ್ಲಾರಾ ಇಟಲಿಯವರ ಬಾಯಲ್ಲಿ ಕಿಯಾರಾನೇ. ಐರ್ಲೆಂಡಿನಲ್ಲಿ ಬೇರೆಯೇ ಒಂದು ಹೆಸರಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ, ಆದರೆ ಅಲ್ಲಿಯವರು ಕೀರಾ ಎನ್ನುತ್ತಾರೆ. ಅದರ ಮೂಲ 'ಕಪ್ಪು' ಎಂಬ ಐರಿಷ್ ಪದ. ಈ ಎರಡು ಹೆಸರುಗಳಿಗೆ ಸಂಬಂಧವೇ ಇಲ್ಲ. ಪಟ್ಟಿ ಮಾಡುವವರು ಎರಡನ್ನೂ ಒಂದೇ ಸಾಲಿಗೆ ತುರುಕಿದ್ದಾರೆ. ಕಿರಣ್‌ಗೂ ಇದೇ ಗತಿ. ಸಂಸ್ಕೃತದಲ್ಲಿ ಅದು ಬೆಳಕಿನ ಎಳೆ. ಐರಿಷರ ಕೀರನ್ ಅದೇ 'ಕಪ್ಪು' ಪದದಿಂದ ಹುಟ್ಟಿದ್ದು.

ಹಾಗಾಗಿ ಅರ್ಥ ಕೇಳುವ ಮುಂಚೆ ಯಾವ ಭಾಷೆ ಎಂದು ಕೇಳಿ. ಭಾಷೆ ಗೊತ್ತಾದರೆ ಅದರ ನಿಘಂಟು ತೆಗೆದು ನೋಡಬಹುದು. ಆರವ್ ಎಂಬ ಹೆಸರಿಗೆ 'ಶಾಂತ' ಎಂಬ ಅರ್ಥವನ್ನು ಎಷ್ಟೋ ಕಡೆ ಕೊಟ್ಟಿರುತ್ತಾರೆ. ಸಂಸ್ಕೃತ ನಿಘಂಟಿನಲ್ಲಿ ಆರವ ಎಂದರೆ ಸದ್ದು, ಕೂಗು. ಕಲರವದಲ್ಲಿರುವ ರವವೇ ಅದು. ಎಳೆ ಮಗುವಿಗೆ ಈ ಅರ್ಥವೇ ಜಾಸ್ತಿ ಒಪ್ಪುತ್ತದೆ, ಅಲ್ವಾ?

ಈ ಪಟ್ಟಿಗಳಲ್ಲಿ ಯಾವ ಹೆಸರಿಗೂ ಕೆಟ್ಟ ಅರ್ಥ ಇರುವುದಿಲ್ಲ, ಗಮನಿಸಿದ್ದೀರಾ? ಎಲ್ಲರೂ ರಾಜರು, ವೀರರು, ಬೆಳದಿಂಗಳು. ಹಳೆಯ ಹೆಸರುಗಳು ಹಾಗಿಲ್ಲ. ಸಿಸಿಲಿಯಾದ ಹಿಂದೆ 'ಕುರುಡು' ಎಂಬ ಲ್ಯಾಟಿನ್ ಪದವಿದೆ, ಕ್ಲಾಡಿಯಾದ ಹಿಂದೆ 'ಕುಂಟು' ಇದೆ. ಸ್ಕಾಟ್ಲೆಂಡಿನ ಕ್ಯಾಮರಾನ್ ಎಂದರೆ ಸೊಟ್ಟ ಮೂಗು. ಹಾಗಂತ ಜನ ಈ ಹೆಸರುಗಳನ್ನು ಕೈಬಿಡಲಿಲ್ಲ. ಸಂತ ಸಿಸಿಲಿಯಾಳನ್ನಂತೂ ಸಂಗೀತಗಾರರು ತಮ್ಮನ್ನು ಕಾಯುವವಳು ಎಂದೇ ನಂಬುತ್ತಾರೆ.

ಇನ್ನು ಕೆಲವು ಕಡೆ ಹೆಸರಿನಲ್ಲಿ ಹೊಗಳಿಕೆ ಇರುವುದಿಲ್ಲ, ಸುದ್ದಿ ಇರುತ್ತದೆ. ಘಾನಾದ ಅಕಾನ್ ಜನರಲ್ಲಿ ಮಗು ಹುಟ್ಟಿದ ವಾರವೇ ಹೆಸರಾಗುತ್ತದೆ. ಶುಕ್ರವಾರದ ಗಂಡು ಕೋಫಿ, ಶನಿವಾರದ ಹೆಣ್ಣು ಅಮಾ. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8ರಂದು, ಶುಕ್ರವಾರ. ಅವರ ಪೂರ್ತಿ ಹೆಸರಿನಲ್ಲಿ ಅಟ್ಟಾ ಎಂದೂ ಇದೆ. ಅಂದರೆ ಅವಳಿ, ಅವರ ಜೊತೆ ಒಬ್ಬ ಸೋದರಿ ಹುಟ್ಟಿದ್ದರು.

ಅವಳಿಗಳ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದದ್ದು ನೈಜೀರಿಯಾದ ಯೊರುಬಾ ಜನರ ಲೆಕ್ಕ. ಮೊದಲು ಹೊರಬಂದ ಮಗು ತೈವೊ, ಆಮೇಲೆ ಬಂದದ್ದು ಕೆಹಿಂದೆ. ಹೆಣ್ಣಿಗೂ ಗಂಡಿಗೂ ಇವೇ ಹೆಸರು. ತೈವೊ ಎಂದರೆ ಲೋಕದ ರುಚಿ ನೋಡಲು ಬಂದ ಮಗು. ಆದರೆ ಇಬ್ಬರಲ್ಲಿ ದೊಡ್ಡದು ಕೆಹಿಂದೆ! 'ಹೊರಗೆ ಹೇಗಿದೆ, ನೋಡು ಹೋಗು' ಎಂದು ತೈವೊವನ್ನು ಮುಂದೆ ಕಳಿಸಿದ್ದೇ ಅದು ಅಂತೆ. ಇಂಥ ಹೆಸರಿನ ಮುಂದೆ 'ರಾಜಕುಮಾರಿ' ಎಂಬ ಅರ್ಥ ತುಂಬಾ ಸಪ್ಪೆ.

'ಅರ್ಥವೇ ಇಲ್ಲದ ಹೆಸರು ಇಡಬಹುದೇ' ಎಂದೂ ಕೇಳಿದ್ದೀರಿ. ಧಾರಾಳವಾಗಿ ಇಡಬಹುದು. ವನೆಸ್ಸಾ ಎಂಬುದನ್ನು 18ನೇ ಶತಮಾನದ ಆರಂಭದಲ್ಲಿ ಬರಹಗಾರ ಜೊನಾಥನ್ ಸ್ವಿಫ್ಟ್ ತನ್ನ ಗೆಳತಿಗಾಗಿ ಸುಮ್ನೆ ಕಟ್ಟಿದ. ಆಕೆಯ ಮನೆತನದ ಹೆಸರಿನಿಂದ 'ವ್ಯಾನ್' ತೆಗೆದ, ಎಸ್ತರ್ ಎಂಬ ಹೆಸರನ್ನು 'ಎಸ್ಸಾ' ಮಾಡಿ ಜೋಡಿಸಿದ. ಈಗ ಅದು ಲೋಕವೆಲ್ಲ ಓಡಾಡುತ್ತಿದೆ.

ಮಗ, ಸೊಸೆ ಆರಿಸಿದ ಹೆಸರನ್ನೇ ಇಡಿ. ಯಾರಾದರೂ 'ಕಪ್ಪು ಅಂತೆ' ಎಂದು ತಗಾದೆ ತೆಗೆದರೆ ಇದು ಇಟಲಿಯದು ಎನ್ನಿ. ಕಪ್ಪು ಎಂದರೂ ತಪ್ಪೇನು ಎಂದು ಕೇಳಿದರೆ ಇನ್ನೂ ಒಳ್ಳೆಯದು.

ನಮ್ಮ ಪತ್ರಿಕೆಯಲ್ಲೇ ಒಂದು ಹೆಸರಿನ ಪಟ್ಟಿ ಹಾಕಿ ಎಂದಿದ್ದೀರಿ. ಹಾಕೋಣ. ಆದರೆ ಪ್ರತಿ ಹೆಸರಿನ ಪಕ್ಕ ಅದರ ಭಾಷೆ, ಮೂಲ ಪದ ಎರಡೂ ಇರಬೇಕು. ಅವು ಸಿಗದ ಹೆಸರು ಎಷ್ಟೇ ಚೆಂದವಿದ್ದರೂ ಸೇರಿಸುವುದಿಲ್ಲ.

ಸಂಪಾದಕ