ಲಿನೋಲಿಯಿಕ್ ಆಮ್ಲ ಕೊರೊನಾ ವೈರಸ್ಸನ್ನು ತಡೆಯುತ್ತದೆಯೇ? ಹಾಗಾದರೆ ಕುಸುಬೆ ಎಣ್ಣೆಯನ್ನು ಹೆಚ್ಚು ಬಳಸಬೇಕೇ?

ಲಿನೋಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲವು ಕೊರೊನಾ ವೈರಸ್ಸಿನ ಮೈಮೇಲಿನ ಮುಳ್ಳಿನಂಥ ಸ್ಪೈಕ್ ಪ್ರೋಟೀನಿಗೆ ಅಂಟಿಕೊಂಡು ಸೋಂಕನ್ನು ತಗ್ಗಿಸುತ್ತದೆ ಎಂದು ಓದಿದ್ದಾಗಿ ನೀವು ಬರೆದಿದ್ದೀರಿ. ಕುಸುಬೆ ಎಣ್ಣೆಯಲ್ಲಿ ಆ ಆಮ್ಲ ಹೇರಳವಾಗಿರುವುದರಿಂದ, ಮಧುಮೇಹವಿರುವ ನಿಮ್ಮ ತಾಯಿಯವರ ಅಡುಗೆಗೆ ಅದನ್ನೇ ಹೆಚ್ಚಾಗಿ ಬಳಸಬಹುದೇ ಎಂದು ಕೇಳಿದ್ದೀರಿ. ನೀವು ಓದಿದ ಸಂಗತಿ ನಿಜ. ಆದರೆ ಅದರಿಂದ ನೀವು ತೆಗೆದ ತೀರ್ಮಾನಕ್ಕೆ ಆಧಾರವಿಲ್ಲ. ಜೀವರಸಾಯನಶಾಸ್ತ್ರ ಪಾಠ ಹೇಳುವವಳಾಗಿ, ಇದನ್ನು ಒಂದು ಸಾಲಿನಲ್ಲಿ ಮುಗಿಸುವುದಕ್ಕಿಂತ ಸ್ವಲ್ಪ ವಿವರವಾಗಿಯೇ ಹೇಳಲು ಬಯಸುತ್ತೇನೆ, ಏಕೆಂದರೆ ಕೊಬ್ಬಿನಾಮ್ಲಗಳು ಈ ವೈರಸ್ಸಿಗೆ ಒಂದು ಕಡೆ ಅಡ್ಡಿಯಾಗುತ್ತವೆ, ಇನ್ನೊಂದು ಕಡೆ ಅದರ ಬೆಂಬಲಕ್ಕೇ ನಿಲ್ಲುತ್ತವೆ.

ನೀವು ಓದಿದ್ದು ಬಹುಶಃ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡವು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯ ಬಗ್ಗೆ. ಕ್ರಿಸ್ಟಿಯಾನೆ ಶಾಫಿಟ್ಸೆಲ್ ಮತ್ತು ಇಮ್ರೆ ಬರ್ಗರ್ ಅವರ ಈ ತಂಡ ಕೀಟಗಳ ಜೀವಕೋಶಗಳಲ್ಲಿ ಸ್ಪೈಕ್ ಪ್ರೋಟೀನನ್ನು ತಯಾರಿಸಿ, ಅದರ ರಚನೆಯನ್ನು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ 2.85 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ ಬಿಡಿಸಿತು. ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಒಂದು ಕೋಟಿಯಲ್ಲಿ ಒಂದು ಪಾಲು. ಆ ನಕ್ಷೆಯಲ್ಲಿ, ಪ್ರೋಟೀನಿಗೆ ಸೇರದ ಏನೋ ಒಂದು ಅಣು ಒಂದು ಪೊಟರೆಯೊಳಗೆ ಕುಳಿತಿರುವುದು ಕಾಣಿಸಿತು. ಸಂಶೋಧಕರು ಅದನ್ನು ಬೇಕೆಂದು ಸೇರಿಸಿರಲಿಲ್ಲ. ದ್ರವ್ಯರಾಶಿ ಮಾಪನದಿಂದ ಪರೀಕ್ಷಿಸಿದಾಗ ಅದು ಲಿನೋಲಿಯಿಕ್ ಆಮ್ಲವೆಂದು ಗೊತ್ತಾಯಿತು. ಯಾರೂ ಹುಡುಕದಿದ್ದ ಅಣುವೊಂದನ್ನು ಪ್ರೋಟೀನು ತಾನಾಗಿಯೇ ಹಿಡಿದುಕೊಂಡು ಬಂದಿತ್ತು ಎಂಬ ಕಾರಣಕ್ಕೇ ಈ ಶೋಧನೆಯ ಮೇಲೆ ನನಗೆ ಹೆಚ್ಚಿನ ನಂಬಿಕೆ.

ಆ ಪೊಟರೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸ್ಪೈಕ್ ಎಂಬುದು ಒಂದೇ ಬಗೆಯ ಮೂರು ಪ್ರೋಟೀನು ಸರಪಳಿಗಳು ಸೇರಿ ಆದ ರಚನೆ. ಪ್ರತಿ ಸರಪಳಿಯ ತುದಿಯಲ್ಲಿ, ನಮ್ಮ ಜೀವಕೋಶದ ಮೇಲಿನ ಎಸಿಇ-2 ಎಂಬ ಗ್ರಾಹಕವನ್ನು ಹಿಡಿಯುವ ಭಾಗವಿದೆ. ಈ ಭಾಗ ಮೇಲಕ್ಕೆದ್ದಾಗ ಮಾತ್ರ ಗ್ರಾಹಕವನ್ನು ಹಿಡಿಯಲು ಸಾಧ್ಯ. ಕೆಳಗೆ ಮಡಚಿಕೊಂಡಿದ್ದರೆ ಸಾಧ್ಯವಿಲ್ಲ. ಪೊಟರೆ ಇರುವುದು ಈ ಭಾಗದೊಳಗೇ. ಅದರ ಒಳಗೋಡೆ ಬಹುಮಟ್ಟಿಗೆ ಫಿನೈಲ್‌ಅಲನಿನ್ ಎಂಬ ನೀರೊಲ್ಲದ ಅಮೈನೋ ಆಮ್ಲದಿಂದ ಆಗಿರುವುದರಿಂದ, ಹದಿನೆಂಟು ಇಂಗಾಲಗಳ ಬಾಗಿದ ಜಿಡ್ಡಿನ ಬಾಲ ಅಲ್ಲಿ ಸಲೀಸಾಗಿ ಒಳಸೇರುತ್ತದೆ. ಪೊಟರೆಯ ಬಾಯಿಯಲ್ಲಿರುವ ಒಂದು ಸಣ್ಣ ಸುರುಳಿ ಸುಮಾರು 6 ಆಂಗ್‌ಸ್ಟ್ರಾಂ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಡುತ್ತದೆ. ಆಮ್ಲದ ತಲೆಯ ಭಾಗವಾದರೋ ಹೊರಗೆ ಚಾಚಿಕೊಂಡು, ಪಕ್ಕದ ಸರಪಳಿಯ 408ನೆಯ ಸ್ಥಾನದ ಆರ್ಜಿನಿನ್ ಮತ್ತು 409ನೆಯ ಸ್ಥಾನದ ಗ್ಲುಟಾಮಿನ್ ಎಂಬ ಅಮೈನೋ ಆಮ್ಲಗಳನ್ನು ಹಿಡಿದುಕೊಳ್ಳುತ್ತದೆ. ಹೀಗೆ ಒಂದು ಸರಪಳಿಯಲ್ಲಿ ಬಾಲ, ಇನ್ನೊಂದರಲ್ಲಿ ತಲೆ ಇಟ್ಟುಕೊಂಡ ಅಣು ಎರಡು ಬಾಗಿಲುಗಳ ನಡುವಿನ ಚಿಲಕದಂತೆ ಕೆಲಸ ಮಾಡುತ್ತದೆ. ಮೂರು ಜಾಗಗಳಲ್ಲಿಯೂ ಹೀಗಾದಾಗ ಸ್ಪೈಕ್ ಮಡಚಿಕೊಂಡ ಸ್ಥಿತಿಯಲ್ಲೇ ಉಳಿಯುತ್ತದೆ, ಎಸಿಇ-2 ಜೊತೆಗಿನ ಅದರ ಬಂಧವೂ ಕಡಿಮೆಯಾಗುತ್ತದೆ. ಬ್ರಿಸ್ಟಲ್‌ನ ಮಾದರಿಯಲ್ಲಿ ಸುಮಾರು ಶೇ 70ರಷ್ಟು ಸ್ಪೈಕ್‌ಗಳು ಹೀಗೆ ಮುಚ್ಚಿಕೊಂಡಿದ್ದವು. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳಿಗೆ ಲಿನೋಲಿಯಿಕ್ ಆಮ್ಲವನ್ನೂ ರೆಮ್‌ಡೆಸಿವಿರ್ ಔಷಧವನ್ನೂ ಒಟ್ಟಿಗೆ ಕೊಟ್ಟಾಗ, ವೈರಸ್ಸಿನ ವೃದ್ಧಿ ಔಷಧವೊಂದನ್ನೇ ಕೊಟ್ಟಾಗಿನದಕ್ಕಿಂತ ಹೆಚ್ಚು ತಗ್ಗಿತು.

ಈ ಪೊಟರೆ ಒಂದೇ ವೈರಸ್ಸಿನದಲ್ಲ ಎಂಬುದು ನನಗೆ ಇನ್ನೂ ಮಹತ್ವದ್ದೆನಿಸುತ್ತದೆ. ಅದೇ ತಂಡ 2022ರಲ್ಲಿ ತೋರಿಸಿದಂತೆ, 2002–03ರ ಸಾರ್ಸ್ ವೈರಸ್ಸಿನಿಂದ ಓಮಿಕ್ರಾನ್‌ವರೆಗೆ ಈ ಪೊಟರೆ ಉಳಿದುಕೊಂಡು ಬಂದಿದೆ. ಪ್ರತಿಕಾಯಗಳ ಕಣ್ಣಿಗೆ ಬೀಳುವ ಸ್ಪೈಕಿನ ಹೊರಮೈ ಹೊಸ ರೂಪಾಂತರಿ ಬಂದಾಗಲೆಲ್ಲ ಬದಲಾಗಿದೆ. ಒಳಗಿನ ಈ ಜಾಗ ಹಾಗೆ ಬದಲಾಗಿಲ್ಲ. ಔಷಧ ಹುಡುಕುವವರಿಗೆ ಇಂಥ ಸ್ಥಿರವಾದ ಜಾಗ ಸುಲಭವಾಗಿ ಸಿಗುವುದಿಲ್ಲ.

ಇನ್ನು ಇದರ ಎದುರು ಬದಿ. ಸ್ಪೈಕಿನ ಬುಡದ ತುದಿ ವೈರಸ್ಸಿನ ಪೊರೆಯ ಒಳಮಗ್ಗುಲಲ್ಲಿರುತ್ತದೆ. ಅಲ್ಲಿ ಪ್ರತಿ ಸರಪಳಿಯಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು ಹತ್ತು ಇವೆ. ನಮ್ಮ ಜೀವಕೋಶದ್ದೇ ಆದ ಕಿಣ್ವಗಳು, ಮುಖ್ಯವಾಗಿ ಝಡ್‌ಡಿಎಚ್‌ಎಚ್‌ಸಿ-20 ಎಂಬುದು, ಅವುಗಳಿಗೆ ಪಾಮಿಟಿಕ್ ಆಮ್ಲದಂಥ ಕೊಬ್ಬಿನಾಮ್ಲಗಳನ್ನು ಬೆಸೆಯುತ್ತವೆ. ಮೂರು ಸರಪಳಿಗಳೂ ಸೇರಿದರೆ ಒಂದು ಸ್ಪೈಕಿಗೆ ಮೂವತ್ತು ಕೊಬ್ಬಿನ ಎಳೆಗಳವರೆಗೆ ಆಗಬಹುದು. ಸ್ವಿಟ್ಜರ್‌ಲೆಂಡಿನ ಲೋಸಾನ್‌ನಲ್ಲಿ ಹಿಸೂ ವಾನ್ ಡೆರ್ ಹೂಟ್ ಅವರ ತಂಡ 2021ರಲ್ಲಿ ವಿವರಿಸಿದಂತೆ, ಈ ಎಳೆಗಳು ವೈರಸ್ಸಿನ ಪೊರೆಯ ಮೇದಸ್ಸುಗಳನ್ನು, ಅಂದರೆ ಕೊಬ್ಬಿನಂಥ ಅಣುಗಳನ್ನು, ಸ್ಪೈಕಿನ ಸುತ್ತ ಒಪ್ಪವಾಗಿ ಜೋಡಿಸುತ್ತವೆ. ಅವು ಇಲ್ಲದೆ ಹುಟ್ಟಿದ ವೈರಸ್ಸುಗಳಿಗೆ ಜೀವಕೋಶದ ಪೊರೆಯೊಡನೆ ಬೆರೆಯುವ ಶಕ್ತಿಯೂ ಸೋಂಕು ತರುವ ಶಕ್ತಿಯೂ ಕುಗ್ಗುತ್ತವೆ. ಅಂದರೆ ಅದೇ ಪ್ರೋಟೀನಿನ ತಲೆಯಲ್ಲಿ ಒಂದು ಕೊಬ್ಬಿನಾಮ್ಲ ಸೋಂಕನ್ನು ತಡೆದರೆ, ಬುಡದಲ್ಲಿ ಇನ್ನೊಂದು ಕೊಬ್ಬಿನಾಮ್ಲ ಸೋಂಕಿಗೆ ಅನುವು ಮಾಡಿಕೊಡುತ್ತದೆ. ಆದ್ದರಿಂದಲೇ ‘ಕೊಬ್ಬು ಒಳ್ಳೆಯದೋ ಕೆಟ್ಟದ್ದೋ’ ಎಂಬ ರೀತಿಯ ಪ್ರಶ್ನೆಗೆ ಇಲ್ಲಿ ಅರ್ಥವಿಲ್ಲ. ಯಾವ ಆಮ್ಲ, ಯಾವ ರೂಪದಲ್ಲಿ, ಯಾವ ಜಾಗದಲ್ಲಿ ಎಂದು ಕೇಳಬೇಕಾಗುತ್ತದೆ.

ವೈರಸ್ಸಿಗೆ ಜೀವಕೋಶದ ಕೊಬ್ಬು ಎಷ್ಟು ಬೇಕು ಎಂಬುದಕ್ಕೆ ಬೇರೆ ಸಾಕ್ಷ್ಯಗಳೂ ಇವೆ. ಕೊಬ್ಬಿನಾಮ್ಲ ತಯಾರಿಸುವ ಕಿಣ್ವವನ್ನು ತಡೆಯುವ ಆರ್ಲಿಸ್ಟಾಟ್ ಎಂಬ ಔಷಧದಿಂದ ಸೋಂಕಿತ ಇಲಿಗಳು ಹೆಚ್ಚಾಗಿ ಬದುಕುಳಿದವೆಂದು 2021ರಲ್ಲಿ ವರದಿಯಾಯಿತು. (ಇದು ತೂಕ ಇಳಿಸಲು ಮಾರುವ ಮಾತ್ರೆ ಎಂಬ ಕಾರಣಕ್ಕೆ ಯಾರೂ ಅದನ್ನು ಕೊರೊನಾಗೆಂದು ನುಂಗಬಾರದು; ಬಾಯಿಯ ಮೂಲಕ ತೆಗೆದುಕೊಂಡರೆ ಅದು ಕರುಳಿನಲ್ಲೇ ಉಳಿಯುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ.) ಸೋಂಕಿತ ಕೋಶಗಳಲ್ಲಿ ಕೊಬ್ಬಿನ ಹನಿಗಳು ಹೆಚ್ಚುವುದನ್ನೂ, ಅವು ಕೂಡುವುದನ್ನು ತಡೆದರೆ ವೈರಸ್ಸಿನ ವೃದ್ಧಿ ತಗ್ಗುವುದನ್ನೂ ಬ್ರೆಜಿಲ್‌ನ ಫಿಯೋಕ್ರೂಸ್ ಸಂಸ್ಥೆಯವರು 2020ರಲ್ಲಿ ಕಂಡರು. ಇದಕ್ಕೂ ಮೊದಲೇ, 2019ರಲ್ಲಿ, ಹಾಂಗ್‌ಕಾಂಗ್ ವಿಶ್ವವಿದ್ಯಾಲಯದವರು ನೆಗಡಿ ತರುವ 229ಇ ಎಂಬ ಕೊರೊನಾ ವೈರಸ್ಸು ಹೊಕ್ಕ ಕೋಶಗಳಲ್ಲಿ ಲಿನೋಲಿಯಿಕ್ ಮತ್ತು ಅರಾಕಿಡೋನಿಕ್ ಆಮ್ಲಗಳು ಏರುವುದನ್ನು ಗುರುತಿಸಿದ್ದರು. ಅದೇ ಆಮ್ಲಗಳನ್ನು ಹೊರಗಿನಿಂದ ಇನ್ನಷ್ಟು ಸೇರಿಸಿದಾಗ 229ಇ ಮತ್ತು ಇನ್ನೊಂದು ಕೊರೊನಾ ವೈರಸ್ಸಾದ ಮರ್ಸ್ ಎರಡರ ವೃದ್ಧಿಯೂ ಕುಗ್ಗಿತು. ವೈರಸ್ಸು ತನಗೆ ಬೇಕಾದ ಹದಕ್ಕೆ ಕೋಶದ ಮೇದಸ್ಸನ್ನು ತಿರುಗಿಸಿಕೊಳ್ಳುತ್ತದೆ, ಆ ಹದ ಕೆಟ್ಟರೆ ಅದಕ್ಕೆ ಕಷ್ಟವಾಗುತ್ತದೆ ಎಂದು ಇದನ್ನು ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಈಗ ನಿಮ್ಮ ಅಡುಗೆಮನೆಗೆ ಬರೋಣ. ಸಾಮಾನ್ಯ ತಳಿಯ ಕುಸುಬೆ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಶೇ 70ರ ಆಸುಪಾಸಿನಲ್ಲಿರುತ್ತದೆ; ಶೇಂಗಾ ಎಣ್ಣೆಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ, ಕೊಬ್ಬರಿ ಎಣ್ಣೆಯಲ್ಲಿ ಬಹಳ ಅಲ್ಪ. ಆದರೆ ಎಣ್ಣೆಯಲ್ಲಿ ಅದು ಬಿಡಿಯಾಗಿರುವುದಿಲ್ಲ. ಮೂರು ಮೂರು ಆಮ್ಲಗಳು ಒಂದು ಗ್ಲಿಸರಾಲಿಗೆ ಕಟ್ಟಿಕೊಂಡು ಟ್ರೈಗ್ಲಿಸರೈಡ್ ಆಗಿರುತ್ತವೆ. ಸ್ಪೈಕಿನ ಪೊಟರೆಗೆ ಬೇಕಾದದ್ದು ತಲೆ ಬಿಡುವಾಗಿರುವ ಒಂಟಿ ಆಮ್ಲ. ಕರುಳಿನಲ್ಲಿ ಎಣ್ಣೆ ಜೀರ್ಣವಾಗುವಾಗ ಆಮ್ಲಗಳು ಬಿಡಿಯಾಗುವುದು ನಿಜ, ಆದರೆ ಕರುಳಿನ ಗೋಡೆ ದಾಟುತ್ತಿದ್ದಂತೆಯೇ ಅವನ್ನು ಮತ್ತೆ ಟ್ರೈಗ್ಲಿಸರೈಡ್ ಆಗಿ ಕಟ್ಟಿ ಸಾಗಿಸಲಾಗುತ್ತದೆ. ರಕ್ತದಲ್ಲಿ ಉಳಿಯುವ ಬಿಡಿ ಆಮ್ಲವೂ ಹೆಚ್ಚಿನಂಶ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ವೈರಸ್ಸು ಮೊದಲು ಬಂದಿಳಿಯುವುದು ಮೂಗು ಮತ್ತು ಗಂಟಲಿನ ಮೇಲ್ಪದರದಲ್ಲಿ. ನೀವು ಒಗ್ಗರಣೆಗೆ ಹಾಕಿದ ಎಣ್ಣೆ ಆ ಜಾಗಕ್ಕೆ ಬಿಡಿ ಆಮ್ಲವಾಗಿ, ಸ್ಪೈಕನ್ನು ಮುಚ್ಚುವಷ್ಟು ಪ್ರಮಾಣದಲ್ಲಿ ತಲುಪುತ್ತದೆ ಎನ್ನಲು ಆಧಾರವಿಲ್ಲ.

ಹೆಚ್ಚಿದರೆ ಹಾನಿಯಿಲ್ಲವಲ್ಲ ಎಂದೂ ಹೇಳಲಾಗದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು 2020ರಲ್ಲಿಯೇ ಇದಕ್ಕೆ ವಿರುದ್ಧ ದಿಕ್ಕಿನ ಎಚ್ಚರಿಕೆ ಕೊಟ್ಟಿದ್ದರು. ಅಪರ್ಯಾಪ್ತ ಕೊಬ್ಬಿನ (ಲಿನೋಲಿಯಿಕ್ ಆಮ್ಲವೂ ಇದೇ ಗುಂಪಿನದು) ಸೇವನೆ ಹೆಚ್ಚಿರುವ ದೇಶಗಳಲ್ಲಿ ಕೋವಿಡ್ ಸಾವಿನ ಪ್ರಮಾಣ ಹೆಚ್ಚಿತ್ತೆಂದು ಅವರು ಲೆಕ್ಕ ಹಾಕಿದರು. ಇಲಿಗಳಿಗೆ ಲಿನೋಲಿಯಿಕ್ ಆಮ್ಲವನ್ನು ನೇರವಾಗಿ ಕೊಟ್ಟಾಗ ಬಿಳಿ ರಕ್ತಕಣಗಳು ಇಳಿದು, ಮೂತ್ರಪಿಂಡಗಳಿಗೆ ಪೆಟ್ಟು ಬಿತ್ತು. ದೇಶ ದೇಶಗಳನ್ನು ಹೋಲಿಸುವ ಲೆಕ್ಕಕ್ಕೆ ನಾನು ಹೆಚ್ಚು ತೂಕ ಕೊಡುವುದಿಲ್ಲ, ಏಕೆಂದರೆ ವಯಸ್ಸು, ಆಸ್ಪತ್ರೆಗಳ ಸ್ಥಿತಿ, ಸಾವುಗಳ ದಾಖಲೆ ಎಲ್ಲವೂ ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತವೆ. ಆದರೆ ಬಿಡಿ ಕೊಬ್ಬಿನಾಮ್ಲ ಅತಿಯಾದರೆ ಅಂಗಾಂಗಗಳಿಗೆ ವಿಷವಾಗಬಲ್ಲದು ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ.

ಹಾಗಾದರೆ ಈ ಪೊಟರೆಯಿಂದ ಪ್ರಯೋಜನವೇನು ಎಂದು ನೀವು ಕೇಳಬಹುದು. ಪ್ರಯೋಜನ ಔಷಧ ತಯಾರಿಕೆಯಲ್ಲಿದೆ. ನೆಗಡಿಯ ರೈನೋ ವೈರಸ್ಸಿನ ಹೊರಕವಚದಲ್ಲೂ ಇಂಥದೇ ಜಿಡ್ಡಿನ ಪೊಟರೆಯಿದೆ. ಅದಕ್ಕೆ ಹೊಂದುವಂತೆ ಪ್ಲೆಕೊನರಿಲ್ ಎಂಬ ಅಣುವನ್ನು ರೂಪಿಸಲಾಗಿತ್ತು. ಅದು ಕೆಲಸ ಮಾಡಿದರೂ ಅಡ್ಡಪರಿಣಾಮಗಳ ಆತಂಕದಿಂದ ಅಮೆರಿಕದಲ್ಲಿ 2002ರಲ್ಲಿ ಅನುಮತಿ ಸಿಗಲಿಲ್ಲ. ಬ್ರಿಸ್ಟಲ್‌ನ ಸಂಶೋಧಕರು ಹ್ಯಾಲೋ ಥೆರಪ್ಯೂಟಿಕ್ಸ್ ಎಂಬ ಕಂಪನಿ ಕಟ್ಟಿ, ಸ್ಪೈಕಿನ ಪೊಟರೆಯನ್ನು ಗುರಿಯಾಗಿಸುವ ಮೂಗಿನ ಸ್ಪ್ರೇಯ ದಾರಿ ಹಿಡಿದರು. ಬಿಡಿ ಆಮ್ಲವನ್ನು ವೈರಸ್ಸು ಇಳಿಯುವ ಜಾಗಕ್ಕೇ, ಅಳತೆ ಮಾಡಿ ಮುಟ್ಟಿಸುವುದು ಅದರ ಉದ್ದೇಶ. ಊಟದ ಎಣ್ಣೆಯಿಂದ ಆಗದ್ದು ಇದೇ ಅಲ್ಲವೇ?

ತಾಯಿಯವರ ವಿಷಯಕ್ಕೆ ಬಂದರೆ, ಕುಸುಬೆ ಎಣ್ಣೆ ನಿಮ್ಮ ಮನೆಯ ರೂಢಿಯಾಗಿದ್ದರೆ ಬಿಡಬೇಕಾಗಿಲ್ಲ, ಆದರೆ ಒಟ್ಟು ಎಣ್ಣೆಯ ಪ್ರಮಾಣವನ್ನು ಹೆಚ್ಚಿಸಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಬೇರೆ ಬೇರೆ ಎಣ್ಣೆಗಳನ್ನು ಬಳಸಲು ಹೇಳುತ್ತದೆ. ಸೋಂಕು ತೀವ್ರವಾಗದಂತೆ ಅವರನ್ನು ಕಾಯುವುದು ಲಸಿಕೆ ಮತ್ತು ಹತೋಟಿಯಲ್ಲಿರುವ ಸಕ್ಕರೆ. ಸ್ಪ್ರೇಯ ಸುದ್ದಿ ಕೇಳಿ ಮನೆಯಲ್ಲಿರುವ ಎಣ್ಣೆಯನ್ನೇ ಮೂಗಿಗೆ ಬಿಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ವಯಸ್ಸಾದವರಿಗಂತೂ ಬೇಡವೇ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಲಿಪಾಯ್ಡ್ ನ್ಯುಮೋನಿಯಾ ಎಂಬ ಬೇರೆಯದೇ ಕಾಯಿಲೆಗೆ ಕಾರಣವಾಗಬಹುದು.