ನಸುಕಿನ್ಯಾಗ ಚೀಲ ಎತ್ತಬ್ಯಾಡ ತಮ್ಮಾ

ನಮ್ಮ ಗುಂಪಿನ್ಯಾಗ ಟ್ರಾಲಿಯಿಂದ ಡಿಎಪಿ ಗೊಬ್ಬರದ ಚೀಲ ಇಳಿಸೋ ಫೋಟೋ ಹಾಕಿ "ಟೊಂಕ ಹಿಡಿದದ, ಯಾವ ಬೆಲ್ಟ್ ಚಲೋ?" ಅಂತ ಕೇಳಿದ ಆಳಂದದ ತಮ್ಮಗ ಹೇಳ್ತೀನಿ. ಬೆಲ್ಟಿನ ಮಾತು ಆಮ್ಯಾಲ. ಫೋಟೋದಾಗ ಇನ್ನಾ ಹೊತ್ತು ಮೂಡಿಲ್ಲ, ಟ್ರ್ಯಾಕ್ಟರ್ ಲೈಟ್ ಹಚ್ಚೀರಿ. ಕಾಲು ನಿಂತಲ್ಲೇ ನಿಂತಾವ, ಟೊಂಕ ಅಷ್ಟೇ ತಿರುವಿ ಚೀಲ ಇಡಲತ್ತಿ. ಇದೇ ತಪ್ಪು ನಾ ಮಾಡೀನಿ. ನೋಡಿ ಸುಮ್ಮನ ಇರಲಿಕ್ಕೆ ಆಗಲಿಲ್ಲ.

ತೊಗರಿ ರಾಶಿ ಮುಗಿದು ಮಾಲು ಗಂಜ್ ಮಾರ್ಕೆಟ್ಟಿಗೆ ಒಯ್ಯೋ ದಿನ. ಗಾಡಿ ಐದಕ್ಕೇ ಬಂತು. ಹಾಸಿಗಿ ಬಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಛಾ ಸುದ್ದಾ ಕುಡಿದಿರಲಿಲ್ಲ. ನಾಕನೇ ಚೀಲ ಎತ್ತಿ ಎಡಕ್ಕ ಹೊಳ್ಳಿದಾಗ ಟೊಂಕಿನ್ಯಾಗ ಗೋಣಿ ಹೊಲಿಗಿ ಹರಿದಂಗ ಆಯ್ತು. ಅವತ್ತು ಬರೇ ಬಿಗಿತ. ಮೂರನೇ ದಿನ ಎಡಗಡಿ ಕುಂಡಿಯಿಂದ ಹಿಡಿದು ಕಾಲಿನ ಹೆಬ್ಬೆರಳಿನ ತನಕ ಕರೆಂಟ್ ಹೊಡದಂಗ, ಸೀನಿದ್ರೂ ಕಾಲಿಗೆ ಹೊಡೀತಿತ್ತು. ಎಂಆರ್‌ಐದಾಗ ಎಲ್4-ಎಲ್5 ಡಿಸ್ಕ್, ಅಂದ್ರ ಟೊಂಕಿನ ನಾಕನೇ ಐದನೇ ಮಣಿ ನಡುವಿನ ಮೆತ್ತನ ಗಾದಿ, ಹೊರಗ ಬಂದಿತ್ತು. ಅದಕ್ಕೂ ಮೊದಲ, ಕಾಲು ಮುಂದಾಗಿ ಹುಟ್ಟಿದವರ ಕಡಿಂದ ಒದಿಸಿಕೊಂಡ್ರ ಹೋಗ್ತದ ಅಂತ ಊರಾಗ ಅಂದ್ರು, ಒದಿಸಿಕೊಂಡೆ. ಆಮ್ಯಾಲ ಎರಡು ವಾರ ಮಗ್ಗಲು ಹೊಳ್ಳಲಿಕ್ಕೂ ಮನಿಯವಳ ಕೈ ಹಿಡಿಬೇಕಾಯ್ತು. ಯಾರೂ ಒದಿಸಿಕೊಳ್ಳಬ್ಯಾಡ್ರಿ. ಕೈ ಮುಗಿದು ಹೇಳ್ತೀನಿ.

ನಸುಕಿನ್ಯಾಗೇ ಯಾಕ ಅಂದ್ರ, ಡಿಸ್ಕಿನ ನಡುವಿನ ಲೋಳಿ ರಾತ್ರಿ ನೆನಿ ಇಟ್ಟ ಬ್ಯಾಳಿ ಹಂಗ ನೀರು ಕುಡಿದು ಉಬ್ಬಿರ್ತದ. ಮುಂಜಾನೆ ಎದ್ದಾಗ ನಾವು ರಾತ್ರಿಗಿಂತ ಸುಮಾರು ಒಂದೂವರಿ ಸೆಂಟಿಮೀಟರ್ ಹೆಚ್ಚು ಎತ್ತರ ಇರ್ತೀವಿ, ಅದು ಇದರದೇ ಲೆಕ್ಕ. ಆ ಲೋಳಿ ಸುತ್ತ 15ರಿಂದ 25 ಪದರ ನಾರು. ಟೈರಿನ ನೂಲು ಹಂಗ ಒಂದು ಪದರ ಈ ಕಡಿ ಓರಿ, ಮುಂದಿನದು ಆ ಕಡಿ ಓರಿ. ನೀ ಟೊಂಕ ತಿರುವಿದಾಗ ಅರ್ಧ ಪದರ ಬಿಗಿ ಆಗ್ತಾವ, ಉಳಿದರ್ಧ ಸಡಿಲ. ಉಬ್ಬಿದ ಡಿಸ್ಕು, ಮ್ಯಾಲ ಬಗ್ಗೋದು, ಮ್ಯಾಲ ತಿರುವೋದು, ಮೂರೂ ಒಮ್ಮೆಲೆ ಬಿದ್ರ ಹಿಂದಿನ ನಾರು ಎಷ್ಟು ತಡೀತಾವ? ಹಿಂದ ಉದ್ದಕ್ಕ ಒಂದು ಲಿಗಮೆಂಟ್ (ಎಲುಬು ಕಟ್ಟಿ ಹಿಡಿಯೋ ನಾರಿನ ಪಟ್ಟಿ) ಅದ ಖರೆ, ಆದ್ರ ಅದು ಕುತ್ತಿಗಿಯಾಗ ಅಗಲ, ಟೊಂಕಿಗಿ ಬರೋದ್ರಾಗ ಸಣ್ಣ ಪಟ್ಟಿ ಆಗ್ತದ. ಅದಕ್ಕೇ ಲೋಳಿ ಅದರ ಮಗ್ಗಲಿಂದ ಹೊರಬಿದ್ದು ನರಕ್ಕ ಒತ್ತತದ.

ನನಗ ಫರಕ ಬಿದ್ದದ್ದು ಒಂದೇ ಕಟ್ಟುನಿಟ್ಟಿನಿಂದ. ಎದ್ದ ಮ್ಯಾಲ ಮೊದಲನೇ ತಾಸು ಬಗ್ಗೋದಿಲ್ಲ. ಚಪ್ಪಲಿ ಬಿದ್ರೂ ಮೊಣಕಾಲು ಊರಿ ತಗೋತೀನಿ. ಉಬ್ಬಿದ್ದರಾಗ ಅರ್ಧಕ್ಕಿಂತ ಹೆಚ್ಚು ಆ ಒಂದು ತಾಸಿನ ಅಡ್ಡಾಟದಾಗೇ ಇಳೀತದ. 1998ರಾಗ ಸಂಶೋಧಕರು ಹಳೇ ಟೊಂಕ ನೋವಿನವರಿಗೆ ನಸುಕಿನ್ಯಾಗ ಬಗ್ಗೋದು ಬಿಡಿಸಿ ನೋಡ್ಯಾರ, ನೋವು ಕಮ್ಮಿ ಆಗಿತ್ತು. ಹಮಾಲರಿಗೆ ಏಳಕ್ಕ ಬರ್ರಿ ಅನ್ನು. ಗಾಡಿಯಂವ ಸಿಟ್ಟಾದ್ರ ಆಗಲಿ.

ಮೊಣಕಾಲು ಮಡಚಿ ಎತ್ತು ಅಂತ ಎಲ್ಲರೂ ಹೇಳ್ತಾರ, ಅದು ಅರ್ಧ ಮಾತು. 1999ರಾಗ ಒಬ್ಬನ ಡಿಸ್ಕಿನೊಳಗ ಸೆನ್ಸರ್ ಇಟ್ಟು ಅಳದಾರ. 20 ಕಿಲೋ ಬಗ್ಗಿ ಎತ್ತಿದಾಗ ಒಳಗಿನ ಒತ್ತಡ 2.3 ಮೆಗಾಪಾಸ್ಕಲ್, ಕಾರಿನ ಟೈರಿನ ಗಾಳಿಗಿಂತ ಹತ್ತು ಪಟ್ಟು. ಮೊಣಕಾಲು ಮಡಚಿದಾಗ 1.7. ನೆಟ್ಟಗ ನಿಂತು ಮೈಗೆ ಹಚ್ಚಿ ಹಿಡಿದಾಗ 1.1. ಅಂದ್ರ ಮೈಗೆ ಅಪ್ಪೋದೇ ದೊಡ್ಡ ಕೆಲಸ. ಅಂಗಿ ಹೊಲಸಾಗ್ತದ ಅಂತ ಚೀಲ ದೂರ ಹಿಡಿಯೋರನ್ನ ಕಂಡ್ರ ನನಗ ಸಿಟ್ಟು ಬರ್ತದ. ತಿರುಗೋದಾದ್ರ ಪಾದ ತಿರುಗಿಸು, ಟೊಂಕ ಅಲ್ಲ. ಮತ್ತ 50 ಕಿಲೋಕ್ಕ ಇಬ್ಬರು. ಗಟ್ಟಿ ಇದ್ದೀನಿ ಅಂತ ತೋರಸಲಿಕ್ಕೆ ಹೋಗಬ್ಯಾಡ.

ಇನ್ನ ಬೆಲ್ಟು. ಟೈನರ್ ಕಂಪನಿದು ತಗೋ, ಫ್ಲೆಮಿಂಗೊದು ತಗೋ, ನನ್ನ ಲೆಕ್ಕದಾಗ ಎರಡೂ ಒಂದೇ. ಅದು ನೆನಪು ಮಾಡಿಕೊಡ್ತದ, ಡಿಸ್ಕಿನ ಭಾರ ಹೊರಲ್ಲ. ಬೆಲ್ಟ್ ಅದ ಅಂತ ಧೈರ್ಯ ಮಾಡಿ ಹೆಚ್ಚು ಎತ್ತೋರೇ ಮತ್ತ ಬೀಳ್ತಾರ. ಮೂವ್, ಅಯೊಡೆಕ್ಸ್ ಹಚ್ಚಿದ್ರ ಮ್ಯಾಲಿನ ಸ್ನಾಯುವಿಗೆ ಹಗುರ ಅನಸಬಹುದು, ಡಿಸ್ಕಿನ ತನಕ ಮುಟ್ಟಲ್ಲ. ದಿನಾ ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಕೆಲಸಕ್ಕ ಹೋಗಬ್ಯಾಡ, ಕಿಡ್ನಿಗೂ ಹೊಟ್ಟಿಗೂ ಕೆಟ್ಟದ್ದು.

ತಾಸುಗಟ್ಟಲೆ ಟ್ರ್ಯಾಕ್ಟರ್ ಹೊಡೆದು ಇಳಿದವರೂ ನೇರ ಚೀಲಕ್ಕ ಕೈ ಹಾಕಬಾರದು, ಹತ್ತು ನಿಮಿಷ ಅಡ್ಡಾಡ್ರಿ. ಬಗ್ಗಿ ಕಸ ತಗಿಯೋರದೂ ಅದೇ. ಇಪ್ಪತ್ತು ನಿಮಿಷ ಪೂರಾ ಬಗ್ಗಿದ್ರ ಲಿಗಮೆಂಟ್ ಜಗ್ಗಿ ಸಡಿಲ ಆಗ್ತಾವ, ನೆಟ್ಟಗ ನಿಂತು ಎರಡು ನಿಮಿಷ ಆದ್ರೂ ಅರ್ಧದಷ್ಟೇ ಬಿಗಿ ವಾಪಸ್ ಬರ್ತದ. ಔಷಧ ಹೊಡಿಯೋ 16 ಲೀಟರ್ ಪಂಪು ತುಂಬಿ ನೆಲದಿಂದ ಬೆನ್ನಿಗೆ ಏರಿಸಬ್ಯಾಡ್ರಿ, ಬದುವಿನ ಮ್ಯಾಲೋ ಡ್ರಮ್ಮಿನ ಮ್ಯಾಲೋ ಇಟ್ಟು ಪಟ್ಟಿ ಹಾಕೋರಿ.

ಒಂದು ಮಾತು ಮರಿಬ್ಯಾಡ ತಮ್ಮಾ. ಉಚ್ಚಿ ಕಟ್ಟಿದ್ರ, ಇಲ್ಲಾ ತಡಿಲಾರದಂಗ ಆದ್ರ, ತೊಡಿ ಸಂದಿ ಜುಮ್ ಹಿಡಿದ್ರ, ಪಾದ ಎತ್ತಲಿಕ್ಕೆ ಬರದಿದ್ರ ಗುಂಪಿನ್ಯಾಗ ಕೇಳ್ತಾ ಕೂಡಬ್ಯಾಡ, ಅವತ್ತೇ ಕಲಬುರಗಿಗೆ ದೊಡ್ಡ ದವಾಖಾನಿಗೆ ಹೋಗು. ಅದು ಇಲ್ಲಂದ್ರ ಹೆದರಬ್ಯಾಡ. ನನ್ನದು ಆಪರೇಷನ್ ಇಲ್ಲದೇ ನಾಕೈದು ತಿಂಗಳಿಗೆ ಇಳೀತು, ಬಹಳ ಮಂದಿದು ಹಂಗೇ ಇಳೀತದ.

ನಮ್ಮ ಕೊಟ್ಟಿಗಿ ಮುಂದ ಟ್ರಾಲಿ ಎತ್ತರಕ್ಕ ಸರಿಯಾಗಿ ಕಲ್ಲಿನ ಕಟ್ಟಿ ಕಟ್ಟೀನಿ. ಈಗ ಚೀಲ ಎತ್ತೋದೇ ಇಲ್ಲ, ಎಳಕೊಂಡು ಸರಸ್ತೀವಿ. ನಿನ್ನ ಟ್ರಾಲಿ ತಳ ನೆಲದಿಂದ ಎಷ್ಟು ಎತ್ತರ ಅದ, ಟೇಪ್ ಹಿಡಿದು ಇಲ್ಲಿ ಹಾಕು. ಕಟ್ಟಿ ಕಟ್ಟಲಿಕ್ಕೆ ಎಷ್ಟು ಕಲ್ಲು ಬೇಕು ಲೆಕ್ಕ ಮಾಡಿ ಹೇಳ್ತೀನಿ.